‘ಅದ್ಭುತ’ ಬೇಡ, ಯಂತ್ರದ ತಪ್ಪು ತೋರಿಸಿ

ಕಾರ್ಕಳದ ಹೊಸ ಬರಹಗಾರರಿಗೆ ನಮಸ್ಕಾರ.

ಅಂತರ್ಜಾಲ ಓದಿ ತಾನೇ ಕಲಿಯುವ ಕಂಪ್ಯೂಟರ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆ. ಆದರೆ ವಿಷಯ ಕೈಬಿಡಬೇಡಿ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಎರಡು ಪುಟದಲ್ಲಿ ‘ಅದ್ಭುತ’ ಏಳು ಸಲ ಬಂದಿದೆ. ಕಂಪ್ಯೂಟರ್ ಹೇಗೆ ಕಲಿಯುತ್ತದೆ ಎನ್ನುವುದು ಒಮ್ಮೆಯೂ ಬಂದಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ತಂಡ 2010ರ ಜನವರಿಯಲ್ಲಿ ಶುರುಮಾಡಿದ ‘ನೆಲ್’ ಎಂಬ ಓದಿ ಕಲಿಯುವ ಕಂಪ್ಯೂಟರ್ ಪ್ರೋಗ್ರಾಮಿಗೆ ನೀವು ಕೊಟ್ಟದ್ದು ಒಂದೇ ಸಾಲು. ತಿರುಳೇ ಅದು. ಇವು ಊರು, ಇವು ಹಣ್ಣು ಅಂತ ಗುಂಪಿಗೆ ಹತ್ತು ಹದಿನೈದು ಹೆಸರು ಕೊಟ್ಟು ಅದನ್ನು ಓದಲು ಬಿಟ್ಟರು. ಆ ಹೆಸರುಗಳ ಅಕ್ಕಪಕ್ಕ ಎಂಥ ಮಾತು ಬರುತ್ತದೆಂದು ಅದು ನೋಡಿತು. ಅದೇ ಮಾತು ಬೇರೆ ಕಡೆ ಕಂಡರೆ ಅಲ್ಲಿಂದ ಹೊಸ ಹೆಸರು ಹೆಕ್ಕಿತು. 67 ದಿನದಲ್ಲಿ 2,42,000ಕ್ಕೂ ಜಾಸ್ತಿ ಸಂಗತಿ ಕೂಡಿಹಾಕಿತು. ಅಂದಾಜು 74% ಸರಿ. ಉಳಿದದ್ದು ಯಾಕೆ ತಪ್ಪಿತು? ಓದುಗರು ಕೇಳುವುದು ಅದನ್ನೇ. ಬ್ರೌಸರಿನ ಕುಕಿಯನ್ನು, ಅಂದರೆ ಜಾಲತಾಣಗಳು ನಮ್ಮ ಕಂಪ್ಯೂಟರಿನಲ್ಲಿ ಇಟ್ಟುಹೋಗುವ ಪುಟ್ಟ ಮಾಹಿತಿಯನ್ನು, ಅದು ಅದೇ ಹೆಸರಿನ ಬೇಕರಿ ತಿಂಡಿ ಎಂದುಕೊಂಡಿತ್ತು. ಜನ ‘ಕುಕಿ ಅಳಿಸಿದೆ’, ‘ಫೈಲ್ ಅಳಿಸಿದೆ’ ಎಂದು ಬರೆಯುತ್ತಾರಲ್ವಾ, ಹಾಗಾಗಿ ಫೈಲೂ ತಿಂಡಿಯಾಯಿತು. ಒಂದು ತಪ್ಪು ಇನ್ನೊಂದನ್ನು ಎಳೆದುಕೊಂಡು ಬಂತು. ಕೊನೆಗೆ ಮನುಷ್ಯರೇ ಕೂತು ತಿದ್ದಬೇಕಾಯಿತು.

ಈಗ ಇದನ್ನು ನಮ್ಮೂರಿಗೆ ತನ್ನಿ. ‘ಮಲ್ಪೆಯಂಥ ಬಂದರು’ ಎಂದು ಓದಿದರೆ ಮಲ್ಪೆ ಒಂದು ಬಂದರು ಎಂದು ಕಲಿಯಬಹುದು. ‘ಮಲ್ಲಿಗೆಯಂಥ ಮನಸ್ಸು’ ಓದಿದರೆ? ಮಲ್ಲಿಗೆ ಒಂದು ಬಗೆಯ ಮನಸ್ಸು ಎಂದು ಬರೆದುಕೊಂಡೀತು. ನಮ್ಮ ‘ಅಂಥ’ ಉದಾಹರಣೆ ಕೊಡುವುದು, ಹೋಲಿಸುವುದು ಎರಡೂ ಕೆಲಸ ಮಾಡುತ್ತದೆ. ‘ಕಾಣೆ’ಯನ್ನೂ ನೋಡಿ. ಉಡುಪಿಯ ಮಾರ್ಕೆಟ್ಟಿನಲ್ಲಿ ಅದು ಮೀನು, ಪತ್ರಿಕೆಯಲ್ಲಿ ‘ಬಾಲಕ ಕಾಣೆ’. ಕಾಣೆ ಫ್ರೈ ತಿಂದು ಬೆಳೆದ ನಮಗೆ ಗೊಂದಲವಿಲ್ಲ, ಬರೀ ಅಕ್ಷರ ನೋಡುವ ಯಂತ್ರಕ್ಕೆ ಉಂಟು. ಇಂಗ್ಲಿಷಿನಿಂದ ಎತ್ತಿದ ನಿಮ್ಮ ಉದಾಹರಣೆಗಳಲ್ಲಿ ಈ ಜೀವ ಇಲ್ಲ.

ಐದನೇ ಪುಟದಲ್ಲಿ ಅಜ್ಜಿ ಮೊಬೈಲಿಗೆ ತುಳುವಿನಲ್ಲಿ ಪ್ರಶ್ನೆ ಕೇಳುತ್ತಾರೆ, ಅದು ಸುಮ್ಮನಿರುತ್ತದೆ. ಆ ಸಾಲು ನನ್ನನ್ನು ತಡೆದು ನಿಲ್ಲಿಸಿತು. ಓದಿ ಕಲಿಯುವ ಯಂತ್ರಕ್ಕೆ ಓದಲು ಬೇಕಲ್ವಾ? ತುಳು ವಿಕಿಪೀಡಿಯ ಶುರುವಾದದ್ದೇ 2016ರಲ್ಲಿ. ಅಜ್ಜಿಗೆ ಗೊತ್ತಿರುವುದರಲ್ಲಿ ಎಷ್ಟು ಅಕ್ಷರಕ್ಕೆ ಇಳಿದಿದೆ, ಅವರನ್ನೇ ಕೇಳಿ ಬರೆಯಿರಿ. ಲೇಖನ ಅಲ್ಲಿಂದಲೇ ಶುರುವಾಗಲಿ, ಆರು ಪುಟ ಮೂರಾಗಲಿ. ಬರುವ ತಿಂಗಳು ಕಳಿಸಿ, ಕಾಯುತ್ತಿರುತ್ತೇನೆ.