ಓದುಗರ ಪ್ರಶ್ನೆ: ಸ್ಪ್ರೇ ಡಬ್ಬಿ ಒಂದು ಗೇಣು ದೂರ ಇರಲಿ

ಪ್ರಶ್ನೆ: ಅಮ್ಮನ ಮನೆಯಿಂದ ತಂದ ಹಳೆ ಕಬ್ಬಿಣದ ಕುರ್ಚಿಗೆ ಸ್ಪ್ರೇ ಪೇಂಟ್ ಹೊಡೆದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ, ತಾರಸಿ ಮೇಲೆ. ಒಣಗಿದ ಮೇಲೆ ಮುಟ್ಟಿದರೆ ರವೆ ಉದುರಿಸಿದ ಹಾಗೆ ತರಿತರಿ. ಸರಿಮಾಡೋಣ ಅಂತ ಹತ್ತಿರ ಹಿಡಿದು ಹೊಡೆದರೆ ಕಾಲಿನ ಮೇಲೆಲ್ಲ ಬಣ್ಣ ಇಳಿದು ಹನಿಹನಿಯಾಗಿ ನಿಂತಿದೆ. ಎರಡು ಡಬ್ಬಿ ಖಾಲಿ. ಅಗ್ಗದ ಡಬ್ಬಿ ತಂದಿದ್ದೇ ತಪ್ಪಾಯ್ತಾ?
– ವಿದ್ಯಾನಗರ, ದಾವಣಗೆರೆ

ಉತ್ತರ: ಡಬ್ಬಿಯನ್ನು ಬೈಯಬೇಡಿ ಅಕ್ಕ. ಅರ್ಧ ತಪ್ಪು ನಮ್ಮೂರ ಬಿಸಿಲಿನದು, ಇನ್ನರ್ಧ ಅವಸರದ್ದು. ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲೆ ಹೊಡೆದರೆ ಬಣ್ಣದ ಹನಿ ಕುರ್ಚಿ ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿರುತ್ತದೆ, ಅದೇ ಆ ರವೆ. ಹತ್ತಿರ ಹೋದಿರಿ, ಬಣ್ಣ ಜಾಸ್ತಿ ಬಿತ್ತು, ಇಳಿಯಿತು.

ಈಗ ಎರಡು ದಿನ ಸುಮ್ನೆ ಬಿಟ್ಟುಬಿಡಿ. ಪೂರ್ತಿ ಗಟ್ಟಿಯಾದ ಮೇಲೆ 320 ನಂಬರಿನ ಎಮರಿ ಪೇಪರ್ ನೀರಲ್ಲಿ ಅದ್ದಿ ಉಜ್ಜಿ, ಹನಿ ನಿಂತ ಕಡೆ ಕೈಗೆ ಉಬ್ಬು ಸಿಗಬಾರದು. ತುಕ್ಕು ಕಂಡರೆ 120 ನಂಬರಿನದರಲ್ಲಿ ಒಣಗಿದ್ದಾಗಲೇ ಕೆರೆದು, ಆ ಜಾಗಕ್ಕೆ ಮೆಟಲ್ ಪ್ರೈಮರ್ ಹೊಡೆಯಿರಿ. ತುಕ್ಕಿನ ಮೇಲೆ ಬಣ್ಣ ಹೊಡೆದರೆ ಮಳೆಗಾಲ ಮುಗಿಯುವುದರೊಳಗೆ ಅದು ಸಿಪ್ಪೆ ಬಿಟ್ಟುಕೊಂಡು ಬರುತ್ತದೆ. ಧೂಳು ಒರೆಸಿ, ಚೆನ್ನಾಗಿ ಒಣಗಿಸಿ.

ಬಣ್ಣ ಹೊಡೆಯಲು ಬೆಳಿಗ್ಗೆ ಎಂಟು ಗಂಟೆ ಹೊತ್ತು ಒಳ್ಳೆಯದು, ನೆರಳಲ್ಲಿ. ಡಬ್ಬಿ ಅಲುಗಾಡಿಸಿದರೆ ಒಳಗಿನ ಗೋಲಿ ಟಕಟಕ ಅನ್ನುತ್ತದಲ್ವಾ, ಆ ಸದ್ದು ಶುರುವಾದ ಮೇಲೆ ಇನ್ನೂ ಒಂದೆರಡು ನಿಮಿಷ ಅಲುಗಾಡಿಸಬೇಕು, ತಳದ ಬಣ್ಣ ಮೇಲೆ ಬರುವುದು ಆಗಲೇ. ಕುರ್ಚಿಗೂ ಡಬ್ಬಿಗೂ ಒಂದು ಗೇಣು ದೂರ, ಸ್ವಲ್ಪ ಜಾಸ್ತಿಯಾದರೂ ಅಡ್ಡಿಯಿಲ್ಲ. ಕುರ್ಚಿಯ ಆಚೆ ಕಡೆಯಿಂದಲೇ ಒತ್ತಲು ಶುರುಮಾಡಿ, ಕೈ ನಿಲ್ಲಿಸದೆ ಸಾಗಿ, ಈಚೆ ದಾಟಿದ ಮೇಲೆ ಬೆರಳು ತೆಗೆಯಿರಿ. ಮೊದಲ ಕೋಟಿನಲ್ಲಿ ಕೆಳಗಿನ ಬಣ್ಣ ಕಾಣುತ್ತಿದ್ದರೆ ನೀವು ಸರಿಯಾಗಿ ಹೊಡೆದಿದ್ದೀರಿ ಅಂತಲೇ ಅರ್ಥ. ಕಾಣದ ಹಾಗೆ ಮುಚ್ಚಿಬಿಡೋಣ ಅನ್ನುವ ಆಸೆಗೇ ಬಣ್ಣ ಇಳಿಯುವುದು. ತೆಳ್ಳಗೆ ಮೂರು ಕೋಟ್ ಸಾಕು, ನಡುವೆ ಎಷ್ಟು ಹೊತ್ತು ಬಿಡಬೇಕು ಅನ್ನುವುದು ಡಬ್ಬಿ ಮೇಲೇ ಇರುತ್ತದೆ.

ಇನ್ನೊಂದು ಮಾತು. ಹಳೆ ಆಯಿಲ್ ಪೇಂಟ್ ಇದ್ದರೆ ಮೊದಲು ಸೀಟಿನ ಅಡಿಯಲ್ಲಿ ಸ್ವಲ್ಪ ಹೊಡೆದು ನೋಡಿ. ನಾನೇ ಒಮ್ಮೆ ಅಪ್ಪನ ಟ್ರಂಕಿಗೆ ನೋಡದೆ ಹೊಡೆದೆ, ಐದು ನಿಮಿಷಕ್ಕೆ ಹಳೆ ಬಣ್ಣ ಕಾಯಿಸಿದ ಹಾಲಿನ ಕೆನೆ ಥರ ಸುಕ್ಕಾಗಿ ಎದ್ದು ಬಂತು. ಅಪ್ಪ ಏನೂ ಅನ್ನಲಿಲ್ಲ, ಟ್ರಂಕನ್ನು ಗೋಡೆ ಕಡೆಗೆ ತಿರುಗಿಸಿ ಇಟ್ಟರು ಅಷ್ಟೆ.

ಪ್ರಶ್ನೆ: ಕಿಟಕಿ ಗ್ರಿಲ್ಲಿಗೆ ಕಪ್ಪು ಸ್ಪ್ರೇ ಹೊಡೆದೆವು. ಪಕ್ಕದ ಮನೆಯವರ ಬಿಳಿ ಸ್ಕೂಟರ್ ಮೇಲೆ ಚುಕ್ಕಿ ಬಿದ್ದು ಜಗಳವಾಯಿತು.
– ಚಿತ್ರದುರ್ಗ

ಉತ್ತರ: ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ ಸ್ವಾಮಿ, ನಿಮ್ಮೂರ ಗಾಳಿ ಅಂಥದ್ದು. ಗ್ರಿಲ್ಲಿಗೆ ಸ್ಪ್ರೇ ಬೇಡವೇ ಬೇಡ. ಸರಳಿನ ಮೇಲೆ ಬೀಳುವುದಕ್ಕಿಂತ ಸಂದಿನಲ್ಲಿ ಆಚೆ ಹೋಗುವುದೇ ಜಾಸ್ತಿ. ಡಬ್ಬದ ಎನಾಮಲ್, ಒಂದು ಇಂಚಿನ ಬ್ರಷ್ ತನ್ನಿ, ಖರ್ಚೂ ಕಡಿಮೆ. ಬಿಚ್ಚಿ ತರುವಂಥ ಚಿಕ್ಕ ವಸ್ತು, ಅಂದರೆ ದೀಪದ ಬುಡ, ಬಾಗಿಲ ಹಿಡಿ, ಇಂಥದ್ದಕ್ಕೆ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಾಗಿಸಿ ಒಳಗಿಟ್ಟು ಹೊಡೆಯಿರಿ. ಸ್ಕೂಟರಿಗೆ ಥಿನ್ನರ್ ಹಚ್ಚಬೇಡಿ, ಅದರ ಸ್ವಂತ ಬಣ್ಣವೂ ಹೋಗುತ್ತದೆ. ಪಾಲಿಶ್ ಮಾಡುವವರ ಹತ್ತಿರ ಕಳಿಸಿ, ದುಡ್ಡು ನೀವೇ ಕೊಡಿ.

ಪ್ರಶ್ನೆ: ಪ್ಲಾಸ್ಟಿಕ್ ಕುರ್ಚಿಗೆ ಹೊಡೆದ ಬಣ್ಣ ಉಗುರಲ್ಲಿ ಕೆರೆದರೆ ಏಳುತ್ತಿದೆ, ಯಾಕೆ?
– ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಕುರ್ಚಿ ಮಗುಚಿ ನೋಡಿ, ತ್ರಿಕೋನದೊಳಗೆ 5 ಅಂತಿದ್ದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆ ಬಣ್ಣ ಸುಲಭಕ್ಕೆ ಹಿಡಿಯಲ್ಲ. ಸೋಪು ನೀರಲ್ಲಿ ತೊಳೆದು, ಉಜ್ಜಿ, ಪ್ಲಾಸ್ಟಿಕ್ಕಿನದೇ ಪ್ರೈಮರ್ ಹೊಡೆದ ಮೇಲೆ ಬಣ್ಣ. ಇಷ್ಟು ಮಾಡಿದರೂ ದಿನಾ ಕೂರುವ ಕುರ್ಚಿಯಲ್ಲಿ ಉಳಿಯುವುದು ಕಷ್ಟ. ನಾನಾಗಿದ್ದರೆ ಹೊಡೆಯುತ್ತಿರಲಿಲ್ಲ.

ಪ್ರಶ್ನೆ: ಅರ್ಧ ಡಬ್ಬಿ ಬಣ್ಣ ಉಳಿದಿದೆ, ಒತ್ತಿದರೆ ಬರ್ತಿಲ್ಲ. ಬಿಸಿ ನೀರಲ್ಲಿಟ್ಟರೆ ಬರುತ್ತದೆ ಅಂತ ಮನೆಯವರು ಹೇಳ್ತಾರೆ.
– ಹೊಳಲ್ಕೆರೆ

ಉತ್ತರ: ಇಡಬೇಡಿ! ಒಳಗಿರುವುದು ಬೆಂಕಿ ಹಿಡಿಯುವ ಗ್ಯಾಸು, 50 ಡಿಗ್ರಿ ದಾಟಬಾರದು ಅಂತ ಡಬ್ಬಿ ಮೇಲೇ ಬರೆದಿರುತ್ತದೆ. ಒಲೆ ಹತ್ತಿರ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಕೂಡ ಇಡಬಾರದು. ಕಟ್ಟಿಕೊಂಡಿರುವುದು ಮೇಲಿನ ಬಿಳಿ ಮೂತಿ ಇರಬೇಕು. ಅದನ್ನು ಎಳೆದು ತೆಗೆದು ಥಿನ್ನರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಒರೆಸಿ ಮತ್ತೆ ಸಿಕ್ಕಿಸಿ. ಪಿನ್ನು ಚುಚ್ಚುವುದಿದ್ದರೆ ಕೈಯಲ್ಲಿರುವ ಮೂತಿಗೆ ಮಾತ್ರ, ಡಬ್ಬಿಯ ತೂತಿಗೆ ಅಲ್ಲ. ಮುಂದಿನ ಸಲ ಕೆಲಸ ಮುಗಿದ ಕೂಡಲೇ ಡಬ್ಬಿ ತಲೆಕೆಳಗಾಗಿ ಹಿಡಿದು, ಬರೀ ಗ್ಯಾಸು ಬರುವವರೆಗೆ ಹಳೆ ಪೇಪರಿನ ಮೇಲೆ ಒತ್ತಿ, ಆಮೇಲೆ ಮುಚ್ಚಳ ಹಾಕಿ.