ಸೂಜಿಯ ಹೊತ್ತಿಗೆ ಅಮ್ಮ ಎಲ್ಲಿರಬೇಕು?

(ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.)

ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಿಂದ ನನ್ನ ಬಳಿಗೆ ಬಂದ ಬಾಣಂತಿಗೆ 24 ವರ್ಷ. ಚೊಚ್ಚಲ ಹೆರಿಗೆ. 32 ವಾರಕ್ಕೇ ಹುಟ್ಟಿದ ಗಂಡು ಮಗು, ತೂಕ ಒಂದೂವರೆ ಕಿಲೋ ಕೂಡ ಇರಲಿಲ್ಲ. ಸಿಸ್ಟರ್ ಕೊಟ್ಟ ಚೀಟಿಯಲ್ಲಿದ್ದ ದೂರು ‘ಹಾಲು ಕಡಿಮೆ’ ಎಂದಷ್ಟೇ. ಮಾತಿಗೆ ಕುಳಿತ ಮೇಲೆ ಬೇರೆಯೇ ಸಂಗತಿ ಹೊರಬಂತು. ಕೆಲವು ದಿನಗಳಿಂದ ಆಕೆ ಘಟಕದ ಒಳಗೆ ಕಾಲಿಡುವುದನ್ನೇ ಬಿಟ್ಟಿದ್ದರು. ಹಿಂಡಿದ ಹಾಲನ್ನು ಬಾಗಿಲಲ್ಲೇ ಕೊಟ್ಟು ಹಿಂತಿರುಗುತ್ತಿದ್ದರು.

“ನಾನು ಮುಟ್ಟಿದರೂ ಬೆಚ್ಚಿಬೀಳುತ್ತಾನೆ ಮೇಡಂ. ಮುಟ್ಟುವವರೆಲ್ಲ ಚುಚ್ಚುವವರೇ ಎಂದುಕೊಂಡಿದ್ದಾನೆ.”

ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗ ಆಕೆ ಒಮ್ಮೆ ಪಕ್ಕದಲ್ಲೇ ನಿಂತಿದ್ದರು. ಮಗು ಜೋರಾಗಿ ಅಳಲಿಲ್ಲ. ಹುಬ್ಬು ಉಬ್ಬಿತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು, ಮೂಗಿನ ಪಕ್ಕದ ಗೆರೆ ಆಳವಾಯಿತು, ಮಾನಿಟರ್‌ನಲ್ಲಿ ಆಮ್ಲಜನಕದ ಅಂಕೆ ಇಳಿಯಿತು. ಮನೆಗೆ ಬಂದು ಹೇಳಿದಾಗ ಗಂಡ, “ಅಷ್ಟು ಸಣ್ಣ ಕೂಸಿಗೆ ನೋವು ಗೊತ್ತಾಗುವುದಿಲ್ಲ ಬಿಡು” ಎಂದರಂತೆ. ಅತ್ತೆಯವರು, ಹಸಿಬಾಣಂತಿ ಅದನ್ನೆಲ್ಲ ನೋಡಿದರೆ ಎದೆಹಾಲು ಬತ್ತುತ್ತದೆ ಎಂದು ತಡೆದರು. ಇಬ್ಬರದೂ ಕಾಳಜಿಯ ಮಾತೇ. ಆದರೆ ತಾನು ಕಣ್ಣಾರೆ ಕಂಡದ್ದನ್ನು ಯಾರೂ ನಂಬುತ್ತಿಲ್ಲ ಎಂಬುದೇ ಆಕೆಗೆ ಉಳಿದದ್ದು.

ಹಾಗಾಗಿ ನಾನು ಸಮಾಧಾನದಿಂದ ಆರಂಭಿಸಲಿಲ್ಲ. “ನೀವು ಕಂಡದ್ದು ನೋವೇ” ಎಂದೆ. ಆಕೆ ಹೇಳಿದ ಹುಬ್ಬು, ಕಣ್ಣು, ಮೂಗಿನ ಗೆರೆ, ಆಮ್ಲಜನಕ ಇವನ್ನೇ ನೋಡಿ ವೈದ್ಯರೂ ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ನೋವನ್ನು ಅಳೆಯುತ್ತಾರೆ. ಇಂಥ ಮಕ್ಕಳಿಗೆ ಅಳಲೂ ತ್ರಾಣ ಸಾಲದು. ಸದ್ದಿಲ್ಲ ಎಂದರೆ ನೋವಿಲ್ಲ ಎಂದಲ್ಲ. ಗಂಡನನ್ನು ಬೇರೆಯಾಗಿ ಕರೆದು ಮಾತನಾಡಿದೆ. ಅವರ ಮಾತನ್ನು ಒಂದು ಕಾಲಕ್ಕೆ ದೊಡ್ಡ ವೈದ್ಯರೂ ನಂಬಿದ್ದರು. 1980ರ ದಶಕದಲ್ಲೂ ಎಷ್ಟೋ ಕಡೆ ನವಜಾತ ಶಿಶುಗಳಿಗೆ ತೀರಾ ಅಲ್ಪ ಅರಿವಳಿಕೆಯಲ್ಲೇ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಭಾರತ ಮೂಲದ ಕೆ.ಜೆ.ಎಸ್. ಆನಂದ್ ಆಕ್ಸ್‌ಫರ್ಡ್‌ನಲ್ಲಿ ಇದನ್ನು ಪ್ರಶ್ನಿಸಿ, 1987ರಲ್ಲಿ ಪ್ರಕಟಿಸಿದ ಸಂಶೋಧನೆಗಳ ನಂತರವೇ ಆ ನಂಬಿಕೆ ಅಲುಗಾಡಿದ್ದು. ಇದನ್ನು ಕೇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದರೆ ನಾವೇನು ಮಾಡಬೇಕು?”

ನನಗೂ ಅದೇ ಬೇಕಾಗಿತ್ತು. ಇಂಥ ತಾಯಂದಿರಿಗೆ ಧೈರ್ಯದ ಮಾತಿಗಿಂತ ಕೈಗೊಂದು ಕೆಲಸ ಕೊಡಬೇಕು. ಮೇಜಿನ ಮೇಲೆ ಟವೆಲ್ ಸುತ್ತಿಟ್ಟು ತೋರಿಸಿದೆ. ಬಳೆ, ಉಂಗುರ ತೆಗೆದು, ಮೊಣಕೈವರೆಗೆ ತೊಳೆದು, ಕೈ ಬೆಚ್ಚಗಾದ ಮೇಲೆ ಒಂದು ಅಂಗೈ ನೆತ್ತಿಯ ಸುತ್ತ, ಇನ್ನೊಂದು ಮಡಚಿದ ಕಾಲುಗಳ ಮೇಲೆ. ಹೊಟ್ಟೆಯೊಳಗೆ ಮುದುಡಿ ಮಲಗಿದ್ದ ಭಂಗಿಯಲ್ಲೇ ಮಗುವನ್ನು ಹಿಡಿದಿಡುವುದು. ಸವರಬಾರದು, ತಟ್ಟಬಾರದು, ಇಷ್ಟು ಎಳೆಯ ಚರ್ಮಕ್ಕೆ ಸವರುವುದೂ ಕಿರಿಕಿರಿಯೇ. ಚುಚ್ಚುವ ಮೊದಲೇ ಕೈಯಿಡಬೇಕು, ಚುಚ್ಚಿದ ಕೂಡಲೇ ತೆಗೆಯಬಾರದು, ಉಸಿರು ಹದಕ್ಕೆ ಬಂದ ಮೇಲೆ ಒಂದೊಂದೇ ಕೈ ಬಿಡಬೇಕು. ಹಿಮ್ಮಡಿ ನೋಡಬೇಕಾಗಿಲ್ಲ, ಮುಖ ನೋಡಿದರೆ ಸಾಕು ಎಂದೆ. ಆಗದ ದಿನ ಗಂಡನಾಗಲಿ ಸಿಸ್ಟರ್ ಆಗಲಿ ಹಿಡಿಯಬಹುದು. ಮತ್ತೊಂದು ಮಾತನ್ನು ಒತ್ತಿ ಹೇಳಿದೆ: ಸೂಜಿಯಿಲ್ಲದ ಹೊತ್ತಿನಲ್ಲೂ ಹೋಗಿ, ಅಂಗಿಯಿಲ್ಲದ ಮಗುವನ್ನು ಬರಿಯೆದೆಗೆ ಅವಚಿಕೊಂಡು ಕೂರಬೇಕು. ಸೂಜಿಯ ಜೊತೆಗೆ ಮಾತ್ರ ಅಮ್ಮನ ಕೈ ಬಂದರೆ ಆಕೆಯ ಭಯ ನಿಜವಾದರೂ ಆದೀತು.

ಘಟಕದವರಿಗೂ ಹೇಳುವುದಿತ್ತು. ರಕ್ತ ತೆಗೆಯುವ ಮೊದಲು ತಾಯಿಯನ್ನು ಕರೆಯಿರಿ, ತುರ್ತಿಲ್ಲದಿದ್ದರೆ ಗಾಢ ನಿದ್ದೆಯಿಂದ ಎಬ್ಬಿಸಬೇಡಿ, ಎರಡು ಪರೀಕ್ಷೆಗಳನ್ನು ಒಂದೇ ಚುಚ್ಚಿನಲ್ಲಿ ಮುಗಿಸಬಹುದೇ ನೋಡಿ. “ಬಾಣಂತಿ ತಲೆಸುತ್ತಿ ಬಿದ್ದರೆ?” ಎಂದರು ಹಿರಿಯ ಸಿಸ್ಟರ್. ನ್ಯಾಯವಾದ ಪ್ರಶ್ನೆ. ಒಂದು ಸ್ಟೂಲ್ ತರಿಸಿ ಹಾಕಿದರು.

ತೊಡಕು ಬಂದದ್ದು ನಾನು ಎಣಿಸದ ಕಡೆಯಿಂದ. ಚುಚ್ಚುವುದಕ್ಕೆ ಎರಡು ನಿಮಿಷ ಮೊದಲು ಸಿಸ್ಟರ್ ಮಗುವಿನ ನಾಲಿಗೆಗೆ ಸಕ್ಕರೆ ದ್ರಾವಣದ ಹನಿ ಹಾಕಿದ್ದನ್ನು ಅತ್ತೆ ಗಾಜಿನಾಚೆಯಿಂದ ನೋಡಿದ್ದರು. “ನಾವು ಜೇನು ನೆಕ್ಕಿಸಿದರೆ ಬೈಯುತ್ತೀರಿ, ನೀವು ಸಕ್ಕರೆ ನೀರು ಹಾಕಬಹುದೇ ತಾಯಿ?” ಎಂದು ನನ್ನನ್ನೇ ಹಿಡಿದು ಕೇಳಿದರು. ನಗು ಬಂತು, ಆದರೆ ಕೇಳಿದ್ದು ಸರಿಯಾಗಿತ್ತು. ಆಸ್ಪತ್ರೆಯದು ಶುದ್ಧೀಕರಿಸಿದ ದ್ರಾವಣ, ಅಳತೆಯ ಹನಿ, ಚುಚ್ಚುವ ಹೊತ್ತಿಗೆ ಮಾತ್ರ. ಅಳುವಿಗೆಲ್ಲ ಅದು ಮದ್ದಲ್ಲ. ಜೇನಿನಲ್ಲಿ ಬಾಟ್ಯುಲಿಸಂ ತರುವ ರೋಗಾಣುವಿನ ಬೀಜಕಣಗಳು ಇರಬಹುದು. ವರ್ಷ ತುಂಬದ ಮಗುವಿನ ಕರುಳಲ್ಲಿ ಅವು ಮೊಳೆತು ವಿಷ ಉಂಟುಮಾಡಿದರೆ ಸ್ನಾಯುಗಳು ಸೋತು ಉಸಿರಿಗೇ ಕುತ್ತು. ಮನೆಯಲ್ಲಿ ಜೇನೂ ಬೇಡ, ಸಕ್ಕರೆ ನೀರೂ ಬೇಡ ಎಂದೆ. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಮುಂದಿನದು ಕಣ್ಣಿನ ತಪಾಸಣೆ. ಎರಡು ಕಿಲೋಗಿಂತ ಕಡಿಮೆ ತೂಕದ, ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ತಿಂಗಳೊಳಗೆ ಅಕ್ಷಿಪಟ ನೋಡಿಸಲೇಬೇಕು. ತಡವಾದರೆ ದೃಷ್ಟಿಯೇ ಹೋಗಬಹುದು. ಕರ್ನಾಟಕದಲ್ಲಿ 2008ರಲ್ಲಿ ಶುರುವಾದ ಕಿಡ್ರಾಪ್ ಯೋಜನೆಯ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗುವುದು ಇದಕ್ಕಾಗಿಯೇ. ರೆಪ್ಪೆ ಬಿಡಿಸಿ ಹಿಡಿಯುವ ಆ ಪರೀಕ್ಷೆ ನೋವಿನದೇ. ವಾಂತಿಯಾಗಿ ಶ್ವಾಸಕ್ಕೆ ಹೋಗಬಾರದೆಂದು ಸುಮಾರು ಒಂದು ಗಂಟೆ ಮೊದಲೇ ಹಾಲು ನಿಲ್ಲಿಸುತ್ತಾರೆ, ಹಾಗಾಗಿ ಎದೆಗೆ ಹಾಕಿಕೊಳ್ಳುವಂತಿಲ್ಲ. ಮರಗಟ್ಟಿಸುವ ಕಣ್ಣಿನ ಹನಿ, ಬಟ್ಟೆಯ ಸುತ್ತು, ಸಿಹಿ ಹನಿ, ಅಮ್ಮನ ಕೈ ಎಲ್ಲ ಇದ್ದೂ ಮಗು ಕಿರುಚಿತು, ಶಾಂತವಾಗಲು ಬಹಳ ಹೊತ್ತು ಹಿಡಿಯಿತು. ನೋವು ಪೂರ್ತಿ ಹೋಗುತ್ತದೆ ಎಂದು ನಾನು ಮೊದಲೇ ಮಾತು ಕೊಟ್ಟಿರಲಿಲ್ಲ. ಆಕೆ ಸ್ಟೂಲಿನಿಂದ ಏಳಲಿಲ್ಲ.

ಮನೆಗೆ ಹೋದ ಮೇಲೆ ಲಸಿಕೆಯ ವಿಚಾರಕ್ಕೆ ಫೋನ್ ಮಾಡಿದರು. ಎದೆಹಾಲು ಕುಡಿಯುತ್ತಿರುವಾಗ ಚುಚ್ಚಿದರೆ ನೆತ್ತಿಗೇರುತ್ತದೆ ಎಂದು ಊರಿನ ಆರೋಗ್ಯ ಸಹಾಯಕಿ ಹೇಳಿದ್ದರಂತೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಲಸಿಕೆಯ ಹೊತ್ತಿಗೆ ಎದೆಹಾಲು ಕುಡಿಸುವುದನ್ನು ಶಿಫಾರಸು ಮಾಡಿದೆ ಎಂದು ತಿಳಿಸಿದೆ. ಬಾಯಿಗೆ ಹಾಕುವ ಹನಿಗಳು ಮೊದಲು, ಸೂಜಿ ಆಮೇಲೆ. ಮುಂಚಿತವಾಗಿ ಪ್ಯಾರಾಸಿಟಮಾಲ್ ಬೇಡ, ಜ್ವರ ಬಂದರೆ ಲಸಿಕೆ ಹಾಕುವವರು ಹೇಳಿದ ಪ್ರಮಾಣದಲ್ಲಿ ಕೊಡಿ. ಸಹಾಯಕಿ ಒಪ್ಪದಿದ್ದರೆ ಜಗಳ ಬೇಡ: ಅವರು ಸೂಜಿ ಕೈಗೆತ್ತಿಕೊಳ್ಳುವವರೆಗೆ ಕುಡಿಸಿ, ಮಗುವನ್ನು ಬೆಂಚಿನ ಮೇಲೆ ಮಲಗಿಸದೆ ತೊಡೆಯ ಮೇಲೆಯೇ ಅವಚಿ ಹಿಡಿದು, ಚುಚ್ಚಿದ ಕೂಡಲೇ ಮತ್ತೆ ಎದೆಗೆ ಹಾಕಿಕೊಳ್ಳಿ ಎಂದೆ.