ಬ್ಲೇಜಾರ್‌ಗಳ ರೇಡಿಯೋ–ಗಾಮಾ ಗ್ರಾಫ್ ನೇರ ಗೆರೆಯಾಗಿ ಬಂದಿದೆ, ಯಾವ ಫಿಟ್ ಹಾಕಲಿ?

ಫಿಟ್, ಅಂದರೆ ಚುಕ್ಕೆಗಳಿಗೆ ಹೊಂದುವ ಗೆರೆ, ಆಮೇಲೆ. ಬ್ಲೇಜಾರ್ ಅಂದರೆ ತನ್ನ ಜೆಟ್ಟನ್ನು (ನಡುವಿನಿಂದ ಚಿಮ್ಮುವ ಕಣಗಳ ಧಾರೆ) ನಮ್ಮ ಕಡೆಗೇ ತಿರುಗಿಸಿರುವ ಗ್ಯಾಲಕ್ಸಿ. ಒಂದು ಅಕ್ಷದಲ್ಲಿ ಅದರ ರೇಡಿಯೋ ಲುಮಿನಾಸಿಟಿ (ಅದು ನಿಜಕ್ಕೂ ಸೂಸುವ ಒಟ್ಟು ಪ್ರಖರತೆ), ಇನ್ನೊಂದರಲ್ಲಿ ಗಾಮಾ ಲುಮಿನಾಸಿಟಿ ಅಂದಿದ್ದೀರಿ. ಎಡವಟ್ಟು ಇರೋದೇ ಅಲ್ಲಿ.

ಮೈಸೂರಿನಲ್ಲಿ, ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಓದುವಾಗ ನಾನು ಹಾಕಿದ್ದೂ ಇದೇ ಗ್ರಾಫ್. ಫರ್ಮಿ ಉಪಗ್ರಹದ ಪಟ್ಟಿಯಿಂದ ಗಾಮಾ, ಹಳೆಯ ಸರ್ವೆಗಳಿಂದ ರೇಡಿಯೋ. ಲಾಗ್ ತಗೊಂಡು ಚುಕ್ಕೆ ಇಟ್ಟರೆ ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಒಂದೇ ಗೆರೆ. ಹಾಸ್ಟೆಲ್‌ನಲ್ಲಿ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ಅದನ್ನೇ ನಂಬಿಕೊಂಡು ಹೊರಗಿನ ಒಂದು ಸಂಸ್ಥೆಗೆ ಪಿಎಚ್‌ಡಿ ಸಂದರ್ಶನಕ್ಕೆ ಹೋದೆ.

ಅಲ್ಲೊಬ್ಬ ಮೇಡಂ ಕೇಳಿದರು, "ಗಾಮಾ ಕಾಲಂ ಕಲಸಿ ನೋಡಿದ್ದೀರಾ?" ಅಲ್ಲೇ ಲ್ಯಾಪ್‌ಟಾಪ್ ತೆಗೆಸಿದರು. ಗಾಮಾ ಫ್ಲಕ್ಸ್‌ಗಳನ್ನು, ಅಂದರೆ ಇಲ್ಲಿಗೆ ಬಂದು ಮುಟ್ಟುವ ಪ್ರಖರತೆಗಳನ್ನು, ಅದಲುಬದಲು ಮಾಡಿಸಿದರು. ಒಂದರ ಗಾಮಾ ಇನ್ಯಾವುದರದೋ ರೇಡಿಯೋ ಪಕ್ಕ ಬಂತು. ಆಮೇಲೆ ಅದೇ ಲೆಕ್ಕ, ಅದೇ ಗ್ರಾಫ್. ಮತ್ತೆ ಗೆರೆ ಬಂತು! ಸ್ವಲ್ಪ ದಪ್ಪ, ಅಷ್ಟೇ. ಸೀಟು ಸಿಗಲಿಲ್ಲ.

ಆಗಿದ್ದಿಷ್ಟು. ಲುಮಿನಾಸಿಟಿ ಬೇಕಂದರೆ ಫ್ಲಕ್ಸನ್ನು ದೂರದ ವರ್ಗದಿಂದ ಗುಣಿಸಬೇಕು. ಎರಡೂ ಅಕ್ಷಕ್ಕೆ ಅದೇ ದೂರ. 3ಸಿ 273 ಅನ್ನೋ ಬ್ಲೇಜಾರ್‌ನ ರೆಡ್‌ಶಿಫ್ಟ್ (ಬೆಳಕು ಕೆಂಪಿನತ್ತ ಸರಿದ ಅಳತೆ, ದೂರ ಹೆಚ್ಚಿದಷ್ಟೂ ಹೆಚ್ಚು) 0.158, 3ಸಿ 454.3 ಅನ್ನೋದರದ್ದು 0.859. ಲುಮಿನಾಸಿಟಿ ಲೆಕ್ಕಕ್ಕೆ ಬಳಸುವ ದೂರದಲ್ಲಿ ಸುಮಾರು 7 ಪಟ್ಟು ವ್ಯತ್ಯಾಸ, ವರ್ಗ ಮಾಡಿದರೆ 50ರ ಆಚೆ. ಫ್ಲಕ್ಸ್ ಒಂದೇ ಇದ್ದರೂ ಎರಡನೆಯದು ಎರಡೂ ಅಕ್ಷದಲ್ಲಿ 50 ಪಟ್ಟು ಮೇಲೆ ಹೋಗಿ ಕೂರುತ್ತೆ. ಮಂಡ್ಯದ ಹೊಲಗಳಲ್ಲಿ ಕಬ್ಬಿನ ಟನ್ನು, ಇಲಿ ಬಿಲ ಎರಡನ್ನೂ ಎಣಿಸಿ ಗ್ರಾಫ್ ಹಾಕಿ, ಗೆರೆ ಬಂದೇ ಬರುತ್ತೆ. ಇಲಿಯಿಂದ ಕಬ್ಬು ಬೆಳೆಯಲ್ಲ, ಎಕರೆ ಜಾಸ್ತಿ ಅಷ್ಟೇ. ಇದರ ಮೇಲೆ ಇನ್ನೊಂದು ಕಾಟ: ಮಂಕಾದವು ಪಟ್ಟಿಗೇ ಬರಲ್ಲ. ಹಾಗಾಗಿ ಫ್ಲಕ್ಸ್‌ಗಳು ಕಿರಿದಾದ ವ್ಯಾಪ್ತಿಯೊಳಗೆ ಸಿಕ್ಕಿಕೊಂಡಿರುತ್ತವೆ, ದೂರಗಳು ಮಾತ್ರ ಸಿಕ್ಕಾಪಟ್ಟೆ ಹರಡಿರುತ್ತವೆ. ನನ್ನ ಗ್ರಾಫ್‌ನಲ್ಲಿ ಕಾಣುತ್ತಿದ್ದದ್ದು ಹೆಚ್ಚುಕಮ್ಮಿ ದೂರವೇ.

ಹಾಗಂತ ಸಂಬಂಧವೇ ಇಲ್ಲ ಅನ್ನಬೇಡಿ. ಒಂದೇ ಜೆಟ್ ಅಲ್ವಾ? ಅದರ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುತ್ತಿದರೆ ರೇಡಿಯೋ. ಕಡಿಮೆ ಶಕ್ತಿಯ ಫೋಟಾನ್‌ಗಳಿಗೆ ಒದ್ದರೆ ಗಾಮಾ. 2011ರಲ್ಲಿ ಫರ್ಮಿ ತಂಡ 599 ಮೂಲಗಳನ್ನು ಹೀಗೇ ಕಲಸಿ ಕಲಸಿ ಪರೀಕ್ಷಿಸಿತು. ಸಂಬಂಧ ಸುಮ್ನೆ ಕಾಕತಾಳೀಯವಾಗಿರುವ ಸಾಧ್ಯತೆ ಕೋಟಿಗೆ ಒಂದಕ್ಕಿಂತ ಕಡಿಮೆ ಅಂತ ಬಂತು. ಆದರೆ ಅವರು ಕಲಸಿದ್ದು ಫ್ಲಕ್ಸ್‌ಗಳನ್ನಲ್ಲ, ಲುಮಿನಾಸಿಟಿಗಳನ್ನು. ಆಮೇಲೆ ದೂರ ಹಚ್ಚಿ ವಾಪಸ್ ಫ್ಲಕ್ಸ್‌ಗೆ ತಂದು, ಪಟ್ಟಿಯ ಮಿತಿ ದಾಟಿದ್ದನ್ನು ಬಿಸಾಕಿ, ಅಲ್ಲಿ ಕೋರಿಲೇಷನ್ ನೋಡಿದರು. ನೀವೂ ಹಾಗೇ ಮಾಡಿ. ಬರೀ ಫ್ಲಕ್ಸ್‌ಗೆ ಫ್ಲಕ್ಸ್ ಗ್ರಾಫ್ ಹಾಕಿದರೆ ಪೂರ್ತಿ ಪಾರಾಗಲ್ಲ, ಅಲ್ಲೂ ದೂರ ಮೂಗು ತೂರಿಸುತ್ತೆ.

ಇನ್ನು, ಎರಡೂ ಅಳತೆ ಒಂದೇ ಕಾಲದ್ದಾಗಿರಲಿ. ಬ್ಲೇಜಾರ್‌ಗಳು ಒಂದೇ ಸಮ ಇರಲ್ಲ. ಕ್ಯಾಲಿಫೋರ್ನಿಯಾದ ಓವೆನ್ಸ್ ವ್ಯಾಲಿಯ 40 ಮೀಟರ್ ಟೆಲಿಸ್ಕೋಪ್ 15 ಗಿಗಾಹರ್ಟ್ಸ್‌ನಲ್ಲಿ ಇವನ್ನೇ ಕಾಯುತ್ತಾ ಬಂದಿದೆ. ಆ ಸಮಕಾಲೀನ ಅಂಕಿ ಹಾಕಿದಾಗ ಸಂಬಂಧ ಇನ್ನೂ ಗಟ್ಟಿಯಾಯಿತು.

"ಗಾಮಾ ಏರಿದ ಕೆಲವು ತಿಂಗಳಿಗೆ ರೇಡಿಯೋ ಏರುತ್ತದೆ, ಅದನ್ನೂ ಸೇರಿಸಲಾ" ಅಂತಲೂ ಕೇಳಿದ್ದೀರಿ. ಬೇಡ. ಆಸೆ ಆಗುತ್ತೆ, ನಿಜ. ಜೆಟ್‌ನ ಬುಡದಿಂದ ರೇಡಿಯೋ ಹೊರಗೆ ಬರೋಕಾಗಲ್ಲ, ಅಲ್ಲಿ ಅದು ಹೀರಿಕೊಂಡುಬಿಡುತ್ತೆ. ಗಾಮಾ ದಾಟಿ ಬರುತ್ತೆ. ಕಥೆ ಚೆನ್ನಾಗಿದೆ. ಆದರೆ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ 41 ಮೂಲಗಳನ್ನು ಕಟ್ಟುನಿಟ್ಟಾಗಿ ನೋಡಿದಾಗ ಹೇಳಿಕೊಳ್ಳುವಂಥ ಸಂಬಂಧ ಸಿಕ್ಕಿದ್ದು 3ರಲ್ಲಿ. ಎರಡೂ ತಮ್ಮ ಪಾಡಿಗೆ ಏರಿಳಿಯುತ್ತಿದ್ದರೆ ಏರಿಗೆ ಏರು ಎಲ್ಲೋ ಒಂದು ಕಡೆ ಹೊಂದಿಯೇ ಹೊಂದುತ್ತೆ.

ಕಲಸಿದ ಮೇಲೂ ಉಳಿದರೆ ಫಿಟ್ ಹಾಕಿ. ಮಾಮೂಲಿ ಲೀಸ್ಟ್ ಸ್ಕ್ವೇರ್ಸ್ ಬೇಡ, ಅದು ಎಕ್ಸ್ ಅಕ್ಷದಲ್ಲಿ ತಪ್ಪೇ ಇಲ್ಲ ಅಂದುಕೊಳ್ಳುತ್ತೆ. ಬೈಸೆಕ್ಟರ್ ಹಾಕಿ, ಅಂದರೆ ಅಕ್ಷ ಅದಲುಬದಲು ಮಾಡಿ ಎರಡು ಸಲ ಫಿಟ್ ಹಾಕಿ, ಎರಡೂ ಗೆರೆಗಳ ನಟ್ಟನಡುವಿನದನ್ನು ತಗೊಳ್ಳಿ.